ಮರಿಯಲ್ಲ, ತಳಿ ಬೇಕು



ಸಭೆಯಲ್ಲಿ ಭೂಮಿ ಬಗ್ಗೆ ಮಾತಾಡಿದರೆ ಎಲ್ಲರೂ ತಲೆಯಾಡಿಸ್ತಾರೆ. ಮೀಸಲಾತಿ ಬಗ್ಗೆ ಮಾತಾಡಿದರೆ ಕಿವಿ ನೆಟ್ಟಗಾಗುತ್ತೆ. ದೌರ್ಜನ್ಯದ ಬಗ್ಗೆ ಮಾತಾಡಿದರೆ ಮುಷ್ಟಿ ಏಳುತ್ತೆ. ಬಾತುಕೋಳಿ ಬಗ್ಗೆ ಮಾತಾಡಿದರೆ ಮಾತ್ರ ನಗ್ತಾರೆ. "ಚಳವಳಿಗೂ ಬಾತಿಗೂ ಏನ್ರಪ್ಪಾ ಸಂಬಂಧ? ಪದ್ಯ ಬರೆಯೋ ಹುಡುಗರೆಲ್ಲ ಈಗ ಬಾತು ಮೇಯಿಸೋಕೆ ಹೊರಟರಾ?" ಅಂತ ಕೇಳ್ತಾರೆ.

ನಗಲಿ. ಆದರೂ ಈ ಪುಟದಲ್ಲಿ ನಾವು ಬಾತುಕೋಳಿ ಬಗ್ಗೆಯೇ ಬರೀತೀವಿ. ಅದರಲ್ಲೂ ಬಿಳಿ ಪೀಕಿನ್ ಅನ್ನುವ ಭಾರದ ಬಾತನ್ನು ಮನೆಯಲ್ಲೇ ಮರಿ ಮಾಡಿಸಿ, ಮನೆಯಲ್ಲೇ ಸಾಕುವುದರ ಬಗ್ಗೆ. ಯಾಕೆ ಅಂದರೆ ನಮ್ಮ ಕೇರಿಯ ಹಿತ್ತಲಿಗೆ ಏನು ಬರಬೇಕು, ಯಾರ ಕೈಯಿಂದ ಬರಬೇಕು, ಬಂದದ್ದು ಯಾರ ಸ್ವತ್ತಾಗಿ ಉಳೀಬೇಕು ಅನ್ನೋದು ರಾಜಕೀಯದ ಪ್ರಶ್ನೆ. ವಿಧಾನಸೌಧದಲ್ಲಿ ನಡೆಯೋದು ಮಾತ್ರ ರಾಜಕೀಯ ಅಂತ ನಮಗೆ ಹೇಳಿಕೊಟ್ಟವರು ಯಾರು?

ಮೊದಲು ಒಂದು ತಮಾಷೆ ನೋಡಿ. ನಮ್ಮ ಕಾವ್ಯದ ತುಂಬ ಹಂಸ ಇದೆ. ಹಾಲನ್ನೂ ನೀರನ್ನೂ ಬೇರೆ ಮಾಡುತ್ತದಂತೆ. ಸರಸ್ವತಿಯನ್ನು ಹೊತ್ತು ತಿರುಗುತ್ತದಂತೆ. ಹೊಯ್ಸಳರ ದೇವಸ್ಥಾನದ ಗೋಡೆಯ ಮೇಲೆ ಸಾಲು ಹಿಡಿದು ನಿಂತಿದೆ. ಹೆಣ್ಣಿನ ನಡಿಗೆಯನ್ನು ಹೊಗಳಬೇಕಾದರೂ ಹಂಸವೇ ಬೇಕು. ಅದೇ ಬಳಗದ ಬಾತು ಎಲ್ಲಿ ಹೋಯಿತು? ಅದಕ್ಕೂ ಚಪ್ಪಟೆ ಕೊಕ್ಕಿದೆ, ಬೆರಳಿನ ನಡುವೆ ಚರ್ಮ ಇದೆ, ಮೈಗೆ ಎಣ್ಣೆ ಸವರಿಕೊಂಡು ನೀರಿನ ಮೇಲೆ ತೇಲುತ್ತೆ. ಆದರೆ ಅದು ಕೆಸರು ಕೆದಕಿ ತಿನ್ನುತ್ತೆ, ಬಸವನಹುಳ ನುಂಗುತ್ತೆ, ದೊಡ್ಡ ದನಿಯಲ್ಲಿ ಕೂಗುತ್ತೆ. ಆದ್ದರಿಂದ ಅದಕ್ಕೆ ಪದ್ಯದಲ್ಲಿ ಜಾಗ ಇಲ್ಲ. ಹಾಲು ನೀರು ಬೇರೆ ಮಾಡುವ ಹಂಸವನ್ನು ಯಾರೂ ಕಂಡಿಲ್ಲ. ಹುಳು ತಿಂದು ಮೊಟ್ಟೆ ಕೊಡುವ ಬಾತನ್ನು ಎಲ್ಲರೂ ಕಂಡಿದ್ದಾರೆ. ಕಾಣದ್ದಕ್ಕೆ ಗೌರವ, ಕಂಡದ್ದಕ್ಕೆ ಅಸಡ್ಡೆ. ಈ ಕಥೆ ನಮಗೆ ಹೊಸದಲ್ಲ.

ಪೀಕಿನ್ ಬಾತು ಚೀನಾದ್ದು. ಕಾಡುಬಾತನ್ನು ಪಳಗಿಸಿ, ನೂರಾರು ವರ್ಷ ಆರಿಸಿ ಆರಿಸಿ ಬೆಳೆಸಿದವರು ಅಲ್ಲಿನ ರೈತರು. 1873ರಲ್ಲಿ ಅಲ್ಲಿಂದ ಹಡಗಿನಲ್ಲಿ ಅಮೆರಿಕಕ್ಕೆ ಹೋದದ್ದು ಬೆರಳೆಣಿಕೆಯ ಹಕ್ಕಿಗಳು. ಅವುಗಳಿಂದಲೇ ಅಲ್ಲಿ ದೊಡ್ಡ ಬಾತು ಉದ್ಯಮ ಹುಟ್ಟಿತು. ಮೈ ಪೂರ್ತಿ ಬಿಳಿ, ಕೊಕ್ಕು ಕಾಲು ಕಿತ್ತಳೆ ಬಣ್ಣ. ಬೆಳೆದ ಗಂಡು ನಾಲ್ಕು ಕೆಜಿ ಆಸುಪಾಸು ತೂಗುತ್ತೆ. ಒಳ್ಳೆ ಮೇವು ಹಾಕಿದರೆ ಏಳೆಂಟು ವಾರಕ್ಕೇ ಎರಡೂವರೆ ಕೆಜಿ ಮುಟ್ಟುತ್ತೆ. ನಮ್ಮ ನಾಟಿಕೋಳಿ ಅಷ್ಟು ದಿನಕ್ಕೆ ಅರ್ಧ ಕೆಜಿ ದಾಟೋದೇ ಕಷ್ಟ.

ಕೊಯ್ಲಾದ ಗದ್ದೆಗಳಿಗೆ ಆಂಧ್ರ, ತಮಿಳುನಾಡಿನ ಕಡೆಯಿಂದ ಬಾತು ಮೇಯಿಸುವವರು ಸಾವಿರಗಟ್ಟಲೆ ಬಾತು ಹೊಡಕೊಂಡು ಬರೋದನ್ನ ನೀವು ನೋಡಿರಬಹುದು. ಅವು ಹಗುರ ಬಾತು. ಮೈಲಿಗಟ್ಟಲೆ ನಡೀತವೆ, ಉದುರಿದ ಭತ್ತ ಆಯ್ದು ತಿಂದು ಬದುಕ್ತವೆ. ಪೀಕಿನ್ ಹಾಗಲ್ಲ. ಅದರ ಮೈ ಭಾರ, ಕಾಲು ಬಲಹೀನ. ಅದು ಮನೆ ಸುತ್ತ ಇರೋ ಹಕ್ಕಿ. ಊರೂರು ತಿರುಗುವವರಿಗೆ ಹಗುರ ಬಾತು ಸರಿ. ಮೂರು ಗೇಣು ಹಿತ್ತಲು ಇರುವವರಿಗೆ ಭಾರದ ಬಾತು. ನಮಗೆ ಇರೋದು ಆ ಮೂರು ಗೇಣೇ.

ಈಗ ವಿಷಯಕ್ಕೆ ಬರೋಣ.

ಕರ್ನಾಟಕದಲ್ಲಿ 2013ರಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಕಾಯ್ದೆ ಬಂತು. ನಮ್ಮ ಜನಸಂಖ್ಯೆಗೆ ತಕ್ಕಷ್ಟು ಹಣ ಎತ್ತಿಡಬೇಕು ಅಂತ ಕಾನೂನೇ ಹೇಳಿತು. ಆ ಹಣ ಕೇರಿಗೆ ಯಾವ ರೂಪದಲ್ಲಿ ಬರುತ್ತೆ? ಬಹಳ ಸಲ ರಟ್ಟಿನ ಡಬ್ಬದಲ್ಲಿ ಬರುತ್ತೆ. ಡಬ್ಬದೊಳಗೆ ಕೋಳಿಮರಿ. ಒಂದು ಶಾಮಿಯಾನ, ಒಂದು ಭಾಷಣ, ಒಂದು ಫೋಟೋ. ಮರಿ ಕೊಟ್ಟವರು ಜೀಪು ಹತ್ತಿ ಹೋಗ್ತಾರೆ. ಮರಿಗೆ ಶಾಖ ಬೇಕು ಅಂತ ಹೇಳಿದವರಿಲ್ಲ, ಲಸಿಕೆ ಕೊಟ್ಟವರಿಲ್ಲ. ತಿಂಗಳೊಳಗೆ ಅರ್ಧ ಸಾಯುತ್ತೆ, ಇನ್ನರ್ಧ ನಾಯಿ ಪಾಲು. ಆಮೇಲೆ ಕಚೇರಿಯಲ್ಲಿ ಮಾತು ಕೇಳಬೇಕು: "ಈ ಜನಕ್ಕೆ ಏನು ಕೊಟ್ಟರೂ ಇಷ್ಟೇ ಕಣ್ರೀ, ತಿಂದು ಮುಗಿಸ್ತಾರೆ."

ಕೋಳೀನ ಕೇಳಿ ಖಾರ ಅರೀತಾರಾ ಅನ್ನೋ ಗಾದೆ ಇದೆಯಲ್ಲ, ಯೋಜನೆ ಮಾಡುವವರಿಗೆ ನಾವೇ ಆ ಕೋಳಿ. ನಿಮ್ಮ ಕೇರಿಗೆ ಯಾವ ಹಕ್ಕಿ ಬೇಕು, ಎಷ್ಟು ಬೇಕು, ಯಾವ ತಿಂಗಳು ಬೇಕು ಅಂತ ಯಾರೂ ಕೇಳಲ್ಲ.

ನಾವು ಹೇಳೋದು ಇಷ್ಟು. ಹಂಚಿದ ಮರಿ ಒಂದು ಊಟ. ಕೈಯಲ್ಲಿ ಉಳಿದ ತಳಿ ಒಂದು ಆಸ್ತಿ. ನಮಗೆ ಆಸ್ತಿ ಬೇಕು.

ಇದನ್ನ ಬಿಡಿಸಿ ಹೇಳ್ತೀವಿ. ಬ್ರಾಯ್ಲರ್ ಕೋಳಿ ಇದೆಯಲ್ಲ, ಅದು ಮಿಶ್ರ ತಳಿ. ಅದನ್ನ ಸಾಕಿ, ಅದರ ಮೊಟ್ಟೆಯಿಂದ ಮರಿ ಮಾಡಿಸಿದರೆ ತಾಯಿ ತಂದೆಯ ಹಾಗೆ ಮರಿ ಬರಲ್ಲ. ಪ್ರತಿ ಸಲವೂ ಕಂಪನಿ ಬಾಗಿಲಿಗೇ ಹೋಗಬೇಕು. ಗುತ್ತಿಗೆ ಸಾಕಣೆಯಲ್ಲಂತೂ ಮರಿ ಕಂಪನಿಯದು, ಮೇವು ಕಂಪನಿಯದು, ಔಷಧಿ ಕಂಪನಿಯದು. ಶೆಡ್ಡು ನಮ್ಮದು, ಶೆಡ್ಡಿನ ಸಾಲ ನಮ್ಮದು, ರಾತ್ರಿ ನಿದ್ದೆಗೆಡೋದು ನಮ್ಮದು. ಕೊನೆಗೆ ತೂಕ ಹಾಕಿ ಕೆಜಿಗೆ ಇಷ್ಟು ಅಂತ ಸಾಕಿದ ಕೂಲಿ ಕೊಡ್ತಾರೆ. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂತು. ಈ ಹೊಸ ಬಗೆಗೆ ಏನು ಹೆಸರಿಡೋಣ?

ಪೀಕಿನ್ ಶುದ್ಧ ತಳಿ. ಬಿಳಿ ಗಂಡಿಗೆ ಬಿಳಿ ಹೆಣ್ಣು ಕೂಡಿದರೆ ಬಿಳಿ ಮರಿಯೇ ಹುಟ್ಟುತ್ತೆ, ಅದೇ ಮೈಯ ಮರಿಯೇ ಹುಟ್ಟುತ್ತೆ. ಒಂದು ಗಂಡು, ಐದು ಹೆಣ್ಣು ಕೈಗೆ ಬಂದರೆ ಮುಂದೆ ಯಾರ ಬಾಗಿಲಿಗೂ ಹೋಗಬೇಕಿಲ್ಲ. ಅಕ್ಕಪಕ್ಕದ ಕೇರಿಯವರ ಜೊತೆ ಎರಡು ವರ್ಷಕ್ಕೊಮ್ಮೆ ಗಂಡು ಬದಲಾಯಿಸಿಕೊಂಡರೆ ಸಾಕು, ರಕ್ತ ಕೆಡಲ್ಲ.

"ತಳಿ ಅಂದರೆ ವಿಜ್ಞಾನಿಗಳ ಕೆಲಸ, ನಿಮಗೆ ಅದೆಲ್ಲ ಎಲ್ಲಿ ಆಗುತ್ತೆ" ಅನ್ನೋರಿಗೆ ಒಂದು ಮಾತು. ಜಗತ್ತಿನಲ್ಲೇ ಹೆಚ್ಚು ಮೊಟ್ಟೆ ಇಡುವ ಬಾತುಗಳಲ್ಲಿ ಒಂದಾದ ಖಾಕಿ ಕ್ಯಾಂಪ್‌ಬೆಲ್ ಅನ್ನು ಬೆಳೆಸಿದವಳು ಇಂಗ್ಲೆಂಡಿನ ಯೂಲಿ ಅನ್ನುವ ಹಳ್ಳಿಯ ಅಡೆಲ್ ಕ್ಯಾಂಪ್‌ಬೆಲ್ ಅನ್ನುವ ಹೆಂಗಸು. ಮನೆಯವರಿಗೆ ಹೆಚ್ಚು ಬಾತು ಬೇಕು ಅಂತ ತನ್ನ ಹಿತ್ತಲಲ್ಲೇ ಒಂದಕ್ಕೊಂದು ಕೂಡಿಸಿ, 19ನೇ ಶತಮಾನದ ಕೊನೆಯಲ್ಲಿ ಈ ತಳಿ ತಂದಳು. ಆ ತಳಿ ನಮ್ಮ ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯವರೆಗೂ ಬಂತು. ಮಾಂಸಕ್ಕಾಗಿ ವಿಯೆಟ್ನಾಮಿನಿಂದ ತಂದ ವಿಗೋವಾ ಸೂಪರ್ ಎಂ ಅನ್ನುವ ಭಾರದ ಬಿಳಿ ಬಾತನ್ನೂ ಅಲ್ಲಿ ಬೆಳೆಸಿದ್ದಾರೆ. ಹಿತ್ತಲ ಹೆಂಗಸಿಗೆ ಆಗಿದ್ದು ನಮ್ಮವ್ವಂದಿರಿಗೆ ಆಗಲ್ವಾ?

ಆಗುತ್ತೆ. ಹೇಗೆ ಅಂತ ಹೇಳ್ತೀವಿ. ಬರೀ ಘೋಷಣೆ ಕೂಗಿ ಮರಿ ಹೊರಗೆ ಬರಲ್ಲ.

ಪೀಕಿನ್ ಬಾತು ಮೊಟ್ಟೆ ಇಡುತ್ತೆ, ಕಾವು ಕೂರಲ್ಲ. ಕೂತರೂ ನಡುವೆ ಎದ್ದು ಹೋಗುತ್ತೆ. ಮಾಂಸಕ್ಕೆ ಅಂತ ಆರಿಸಿ ಆರಿಸಿ ಬೆಳೆಸಿದವರು ಅದರ ತಾಯ್ತನವನ್ನೇ ಕಿತ್ತುಕೊಂಡಿದ್ದಾರೆ. ಆದ್ದರಿಂದ ಕಾವಿಗೆ ನಮ್ಮ ನಾಟಿಕೋಳಿಯೇ ಬೇಕು. ನಾಟಿಕೋಳಿ ಮೊಟ್ಟೆ ನಲವತ್ತು ಗ್ರಾಂ ಆಸುಪಾಸು, ಪೀಕಿನ್ ಮೊಟ್ಟೆ ಅದರ ಎರಡರಷ್ಟು. ಹತ್ತು ಹನ್ನೆರಡು ಕೋಳಿಮೊಟ್ಟೆಗೆ ಕೂರುವ ಹೇಟೆಗೆ ಐದಾರು ಬಾತುಮೊಟ್ಟೆಗಿಂತ ಹೆಚ್ಚು ಇಡಬಾರದು. ರೆಕ್ಕೆಯಿಂದ ಆಚೆ ಉಳಿದ ಮೊಟ್ಟೆ ತಣ್ಣಗಾಗಿ ಒಳಗಿನ ಜೀವ ಹೋಗುತ್ತೆ.

ಬಾತು ಮೊಟ್ಟೆ ಇಡೋದು ಬೆಳಗಿನ ಜಾವ. ಬಿಸಿಲೇರುವ ತನಕ ಗೂಡಿನ ಬಾಗಿಲು ತೆಗೀಬೇಡಿ. ತೆಗೆದರೆ ಎಲ್ಲೆಂದರಲ್ಲಿ ಇಟ್ಟು ಬಿಡುತ್ತೆ. ಕಾವಿಗೆ ಇಡುವ ಮೊಟ್ಟೆ ವಾರದೊಳಗಿನದು ಇರಲಿ. ಗಲೀಜು ಆದದ್ದು, ಬಿರುಕು ಬಿಟ್ಟದ್ದು ಸಾರಿಗೆ ಹೋಗಲಿ. ತೊಳೀಬೇಡಿ. ತಂಪು ಜಾಗದಲ್ಲಿ ಚೂಪು ತುದಿ ಕೆಳಗೆ ಮಾಡಿ ಇಡಿ.

ಕೋಳಿಮರಿಗೆ 21 ದಿನ. ಪೀಕಿನ್‌ಗೆ 28 ದಿನ. ಮಸ್ಕೋವಿ ಅಂತ ಇನ್ನೊಂದು ಭಾರದ ಬಾತಿದೆ, ಕೆಂಪು ಮುಖದ್ದು, ದಕ್ಷಿಣ ಅಮೆರಿಕದ್ದು. ಅದಕ್ಕೆ 35 ದಿನ. ಅದು ತಾನೇ ಕಾವು ಕೂರುತ್ತೆ, ಬೇಕಾದರೆ ಪೀಕಿನ್ ಮೊಟ್ಟೆಗೂ ಕೂರುತ್ತೆ. ನಾಟಿ ಹೇಟೆ 21 ದಿನ ಆದ ಮೇಲೂ ಸಾಮಾನ್ಯವಾಗಿ ಏಳಲ್ಲ. ಆದರೆ ಬೇಸತ್ತು ಏಳುವ ಹೇಟೆಯೂ ಇದೆ. ಅದಕ್ಕೇ ಒಂದೇ ದಿನ ಎರಡು ಮನೆಯಲ್ಲಿ ಎರಡು ಹೇಟೆ ಕೂರಿಸಿ. ಒಂದು ಎದ್ದರೆ ಮೊಟ್ಟೆ ಇನ್ನೊಂದರ ಕೆಳಗೆ ಹೋಗಲಿ. ಒಂದು ಮನೆಯಿಂದ ಆಗದ್ದು ಎರಡು ಮನೆ ಸೇರಿದರೆ ಆಗುತ್ತೆ. ಸಂಘಟನೆ ಅನ್ನೋದು ಇಲ್ಲಿಂದಲೇ ಶುರು.

ದೊಡ್ಡ ಮೊಟ್ಟೆಯನ್ನು ಹೇಟೆ ತಾನೇ ಹೊರಳಿಸೋದು ಕಷ್ಟ. ದಿನಕ್ಕೆ ಮೂರು ಸಲ ನಾವೇ ಕೈಯಿಂದ ಹೊರಳಿಸಬೇಕು. ಹೊರಳಿಸದಿದ್ದರೆ ಒಳಗಿನ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳುತ್ತೆ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಒಳಗೆ ಜೇಡನ ಬಲೆಯಂಥ ಕೆಂಪು ನಾಳ ಕಂಡರೆ ಜೀವ ಇದೆ. ಬರೀ ಬೆಳಕು ಹಾದು ಹೋದರೆ ಬರಿ ಮೊಟ್ಟೆ, ತೆಗೆದುಬಿಡಿ. ಬಾತುಮೊಟ್ಟೆಗೆ ಕೋಳಿಮೊಟ್ಟೆಗಿಂತ ಹೆಚ್ಚು ತೇವ ಬೇಕು. ತಾಯಿಬಾತು ನೀರಿಗಿಳಿದು ಒದ್ದೆ ಎದೆಯಲ್ಲೇ ಬಂದು ಕೂರುತ್ತೆ, ಕೋಳಿ ಒಣ ಎದೆಯಲ್ಲಿ ಕೂರುತ್ತೆ. ಆ ಕೊರತೆಯನ್ನ ನಾವು ತುಂಬಬೇಕು. ಎರಡನೇ ವಾರದಿಂದ ದಿನಕ್ಕೊಂದು ಸಲ, ಹೇಟೆ ಮೇವಿಗೆ ಎದ್ದಾಗ, ಉಗುರು ಬೆಚ್ಚಗಿನ ನೀರು ಚಿಮುಕಿಸಿ. 25ನೇ ದಿನದಿಂದ ಹೊರಳಿಸೋದು ನಿಲ್ಲಿಸಿ.

ಪೆಟ್ಟಿಗೆಯಲ್ಲಿ ಮರಿ ಮಾಡಿಸುವವರು ಫ್ಯಾನ್ ಇದ್ದರೆ 37.5 ಡಿಗ್ರಿ ಸೆಲ್ಸಿಯಸ್ ಇಟ್ಟುಕೊಳ್ಳಿ, ಒಳಗೆ ನೀರಿನ ತಟ್ಟೆ ಇಡಿ. ಕರೆಂಟು ಹೋಯಿತು ಅಂತ ಗಾಬರಿ ಬೀಳಬೇಡಿ, ಕಂಬಳಿ ಹೊದಿಸಿ. ಸ್ವಲ್ಪ ಹೊತ್ತು ತಣ್ಣಗಾದರೆ ಮೊಟ್ಟೆ ತಡೆದುಕೊಳ್ಳುತ್ತೆ. ಹೆಚ್ಚು ಬಿಸಿಯಾದರೆ ಮಾತ್ರ ಉಳಿಯಲ್ಲ.

ಮರಿ ಚಿಪ್ಪಿಗೆ ಮೊದಲ ತೂತು ಹೊಡೆದ ಮೇಲೆ ಹೊರಗೆ ಬರಲು ಒಂದು ದಿನ, ಕೆಲವು ಸಲ ಎರಡು ದಿನ ತಗೊಳ್ಳುತ್ತೆ. ಪಾಪ ಅಂತ ಚಿಪ್ಪು ಸುಲಿಯೋಕೆ ಹೋಗಬೇಡಿ. ಒಳಗಿನ ರಕ್ತನಾಳ ಇನ್ನೂ ಆರಿರಲ್ಲ, ರಕ್ತ ಹರಿದು ಮರಿ ಸಾಯುತ್ತೆ. ಹೊರಗಿನವರ ಆತುರದ ಉಪಕಾರದಿಂದ ಸತ್ತ ಜೀವಗಳು ಎಷ್ಟೋ ಇವೆ. ತಾನೇ ಒಡಕೊಂಡು ಬಂದ ಮರಿ ಗಟ್ಟಿ ಮರಿ.

ಹೊರಬಂದ ಮರಿಗೆ ಮೊದಲ ವಾರ 32 ಡಿಗ್ರಿಯಷ್ಟು ಶಾಖ ಬೇಕು. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬಂದರೆ ನಮ್ಮ ಬಯಲುಸೀಮೆಯ ಬಿಸಿಲಿಗೆ ಮೂರ್ನಾಲ್ಕು ವಾರದಲ್ಲಿ ಬಲ್ಬು ಬೇಡವಾಗುತ್ತೆ. ಹೇಟೆ ಜೊತೆಯಲ್ಲಿದ್ದರೆ ಅದೇ ಬಲ್ಬು. ಕೆಳಗೆ ಪೇಪರ್ ಹಾಸಬೇಡಿ. ಕಾಲು ಜಾರಿ ಭಾರದ ಮರಿಯ ಕಾಲು ಸೊಟ್ಟಾಗುತ್ತೆ. ಭತ್ತದ ಹೊಟ್ಟು ಅಥವಾ ಹುಲ್ಲು ಹಾಸಿ, ಒದ್ದೆ ಆದಾಗ ಬದಲಾಯಿಸಿ. ಬಾತನ್ನು ಕಾಲು ಹಿಡಿದು ಎತ್ತಲೇಬೇಡಿ. ಕೋಳಿ ಹಿಡಿದ ಹಾಗೆ ಹಿಡಿದರೆ ಕಾಲು ಮುರಿಯುತ್ತೆ. ರೆಕ್ಕೆ ಸಮೇತ ಮೈಯನ್ನೇ ಅಪ್ಪಿ ಎತ್ತಬೇಕು.

ಈಗ ನೀರಿನ ಮಾತು. ಬಾತು ಅಂದ ಕೂಡಲೇ "ಕೆರೆ ಎಲ್ಲಿದೆ?" ಅಂತ ಕೇಳ್ತಾರೆ. ಪೀಕಿನ್ ಸಾಕಲು ಕೆರೆ ಬೇಕಾಗಿಲ್ಲ. ಕೊಕ್ಕು, ಮೂಗು, ಕಣ್ಣು ಮುಳುಗುವಷ್ಟು ಆಳದ ಒಂದು ತೊಟ್ಟಿ ಸಾಕು. ಕಣ್ಣು ತೊಳೆಯಲು ನೀರಿಲ್ಲದಿದ್ದರೆ ಕಣ್ಣು ಅಂಟಿಕೊಂಡು ಕುರುಡಾಗುತ್ತೆ. ಒಣ ಹಿಟ್ಟು ತಿಂದು ನೀರು ಸಿಗದಿದ್ದರೆ ಗಂಟಲು ಕಟ್ಟಿ ಸಾಯುತ್ತೆ. ಮೇವಿನ ಪಕ್ಕ ಸದಾ ನೀರಿರಬೇಕು.

ಮೊದಲ ವಾರಗಳಲ್ಲಿ ಮರಿಯನ್ನು ನೀರಿಗೆ ಬಿಡಬಾರದು. ತಾಯಿಬಾತಿನ ಮೈ ಎಣ್ಣೆ ಮರಿಯ ತುಪ್ಪಳಕ್ಕೂ ಅಂಟಿ ಕಾಪಾಡುತ್ತೆ. ಕೋಳಿಯ ಕೆಳಗೆ ಹುಟ್ಟಿದ ಮರಿಗೆ ಆ ಎಣ್ಣೆ ಇಲ್ಲ, ನೆನೆದು ಚಳಿ ಹಿಡಿದು ಸಾಯುತ್ತೆ. ಆದರೆ ಮರಿಗೆ ಅದು ಗೊತ್ತಿಲ್ಲ. ನೀರು ಕಂಡ ಕೂಡಲೇ ಓಡುತ್ತೆ. ಸಾಕಿದ ಹೇಟೆ ದಡದಲ್ಲಿ ನಿಂತು ಕೂಗ್ತಾ ಅತ್ತಿಂದಿತ್ತ ಓಡಾಡುತ್ತೆ. ನಮ್ಮ ಅವ್ವಂದಿರು, ಅಜ್ಜಿಯರು "ಕೆರೆ ತಾವ ಹೋಗ್ಬೇಡ ಕಣೋ, ಊರಿನವರು ಬೈತಾರೆ" ಅಂತ ಕೂಗುತ್ತಿದ್ದರಲ್ಲ, ಅದೇ ಕೂಗು. ಆ ಭಯ ಸುಳ್ಳಲ್ಲ. ಮೈಗೆ ಎಣ್ಣೆ ಬರುವ ತನಕ ತಾಯಿ ಹೇಳಿದ್ದೇ ಸರಿ. ಐದಾರು ವಾರಕ್ಕೆ ಗರಿ ತುಂಬಿದ ಮೇಲೆ ಮರಿ ನೀರಿಗಿಳಿಯೋದೇ ಸರಿ.

ಇಳಿದರೆ ಯಾವ ಕೆರೆಗೆ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮಹಾಡಿನ ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರು. ಆ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು, ಹಕ್ಕಿ ಈಜಬಹುದಿತ್ತು, ಮನುಷ್ಯನಾದ ಅಸ್ಪೃಶ್ಯ ಮಾತ್ರ ಮುಟ್ಟುವಂತಿರಲಿಲ್ಲ. ಅವರು ಕುಡಿದದ್ದಕ್ಕೆ ಸವರ್ಣೀಯರು ಬಡಿದರು, ಆಮೇಲೆ ಸಗಣಿ ಗಂಜಲ ಸುರಿದು ಕೆರೆಯನ್ನು "ಶುದ್ಧ" ಮಾಡಿಕೊಂಡರು. ಮುಂಬಯಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿದ್ದು 1937ರಲ್ಲಿ. ಒಂದು ಗುಟುಕು ನೀರಿಗೆ ಹತ್ತು ವರ್ಷ.

ಹಾಗಾಗಿ ನಾವು ಎರಡು ಮಾತನ್ನೂ ಒಟ್ಟಿಗೆ ಹೇಳ್ತೀವಿ. ಬಾತು ಸಾಕಲು ಕೆರೆ ಬರುವ ತನಕ ಕಾಯಬೇಡಿ, ತೊಟ್ಟಿ ಸಾಕು. ತೊಟ್ಟಿ ಸಾಕು ಅಂತ ಕೆರೆಯ ಹಕ್ಕು ಬಿಡಬೇಡಿ. ಪಂಚಾಯ್ತಿ ಕೆರೆಯ ಮೀನು ಹರಾಜಿನಲ್ಲಿ ನಮ್ಮ ಪಾಲೆಷ್ಟು, ಕೆರೆ ಅಂಗಳದಲ್ಲಿ ನಮ್ಮ ದನ, ಹಕ್ಕಿ ಬಂದರೆ ಬೆದರಿಸೋರು ಯಾರು, ಇದನ್ನೂ ಕೇಳಬೇಕು.

ಮೇವಿನ ವಿಷಯದಲ್ಲಿ ಇನ್ನೂ ದೊಡ್ಡ ಮಾತಿದೆ. ಪೀಕಿನ್ ತಿಂಡಿಪೋತ. ಒಂದು ಕೆಜಿ ಮೈ ಬರಲು ಸುಮಾರು ಮೂರು ಕೆಜಿ ಮೇವು ಬೇಕು. ಅಷ್ಟನ್ನೂ ಅಂಗಡಿಯಿಂದ ತಂದರೆ ಲಾಭ ಅಂಗಡಿಯವನದು. ಅರ್ಧ ಮೇವಾದರೂ ನಮ್ಮ ಸುತ್ತಲಿನದು ಆಗಬೇಕು. ಅಕ್ಕಿ ನುಚ್ಚು, ತೌಡು, ರಾಗಿ ಹಿಟ್ಟು, ನುಗ್ಗೆಸೊಪ್ಪು, ಅಜೋಲ, ಮೀನಿನ ತ್ಯಾಜ್ಯ, ಗದ್ದೆಯ ಬಸವನಹುಳ. ತೌಡು ಬಿಡಬೇಡಿ. ಬಾತಿಗೆ ನಯಾಸಿನ್ ಅನ್ನುವ ಜೀವಸತ್ವ ಕೋಳಿಗಿಂತ ಹೆಚ್ಚು ಬೇಕು, ಸಿಗದಿದ್ದರೆ ಮಂಡಿ ಊದಿ ಕಾಲು ಬಾಗುತ್ತೆ. ಅದು ತೌಡಿನಲ್ಲಿದೆ.

ಆದರೆ ಬೂಷ್ಟು ಹಿಡಿದದ್ದನ್ನು ಮಾತ್ರ ಹಾಕಬೇಡಿ. ಬೂಷ್ಟು ಬಂದ ಕಡಲೆಕಾಯಿ ಹಿಂಡಿ, ಜೋಳದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತೆ. ಅದು ಲಿವರ್ ತಿನ್ನುತ್ತೆ. ಕುದಿಸಿದರೂ ಹೋಗಲ್ಲ. ಸಾಕು ಹಕ್ಕಿಗಳಲ್ಲಿ ಈ ವಿಷಕ್ಕೆ ಎಲ್ಲಕ್ಕಿಂತ ಬೇಗ ಬಲಿಯಾಗೋದು ಬಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತು, ಬಾತುಮರಿಗಳೂ ಸತ್ತು, ಹುಡುಕಿ ನೋಡಿದಾಗ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ವಿಷ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಲು ಆಗ ವಿಜ್ಞಾನಿಗಳು ಬಳಸಿದ್ದು ಒಂದು ದಿನದ ಬಾತುಮರಿಯನ್ನೇ.

ಇದನ್ನ ಓದಿದಾಗ ನಮಗೆ ಬಾತುಮರಿ ಮಾತ್ರ ನೆನಪಾಗಲಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ ಜನ ಕಾಮಾಲೆ ಬಂದು, ಹೊಟ್ಟೆ ಊದಿ ಸತ್ತರು. ನೂರಕ್ಕೂ ಹೆಚ್ಚು ಜನ. ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು, ಬೇರೆ ಏನೂ ಇಲ್ಲದೆ, ವಾರಗಟ್ಟಲೆ ತಿಂದಿದ್ದರು. ಅದೇ ವಿಷ.

ಗೌಡರ ಕಣದಲ್ಲಿ ಒಳ್ಳೆ ಕಾಳು ಮೂಟೆಗೆ, ಮುಗ್ಗಲು ಕಾಳು ಕೂಲಿಗೆ ಅನ್ನೋದು ನಮ್ಮ ಹಿರಿಯರಿಗೆಲ್ಲ ಗೊತ್ತಿದ್ದ ಲೆಕ್ಕ. ರೇಷನ್ ಅಂಗಡಿಯಲ್ಲಿ ಹುಳು ಹಿಡಿದ ಚೀಲ ಯಾವ ಬೀದಿಗೆ ಬರುತ್ತೆ ಅನ್ನೋದು ನಿಮಗೇ ಗೊತ್ತು. "ನಿಮಗೆ ನಡೆಯುತ್ತೆ ಬಿಡ್ರೋ" ಅನ್ನೋ ಮಾತು ಕೇಳಿ ಕೇಳಿ ನಮಗೂ ನಡೆಯುತ್ತೆ ಅನ್ನಿಸಿಬಿಟ್ಟಿದೆ. ಬಾತು ಹಾಗೆ ಒಪ್ಪಿಕೊಳ್ಳಲ್ಲ. ಬೂಷ್ಟು ಹಾಕಿದರೆ ಸತ್ತು ತೋರಿಸುತ್ತೆ. ನಿಮ್ಮ ಬಾತುಮರಿಗೆ ಹಾಕಬಾರದ ಕಾಳನ್ನು ನಿಮ್ಮ ಮಗುವಿಗೆ ಬೇಯಿಸಬೇಡಿ. ಅಂಥ ಕಾಳು ಕೊಟ್ಟವನ ಮುಂದೆ ಅದನ್ನೇ ಸುರಿದು, ಬೇರೆ ಕಾಳು ಕೇಳಿ.

ರೋಗದ ಮಾತು. ಬಾತಿಗೆ ಪ್ಲೇಗು, ಕಾಲರಾ ಎರಡು ದೊಡ್ಡ ಶತ್ರುಗಳು. ಪ್ಲೇಗಿಗೆ ಎಂಟು ವಾರ ದಾಟಿದ ಮೇಲೆ ಲಸಿಕೆ ಹಾಕಿಸಬೇಕು. ಒಂದು ಲಸಿಕೆ ಬಾಟಲಿಯಲ್ಲಿ ಹತ್ತಾರು ಹಕ್ಕಿಗೆ ಆಗುವಷ್ಟು ಮದ್ದಿರುತ್ತೆ. ತಣ್ಣಗೆ ಇಡಬೇಕು, ಕಲಸಿದ ಮೇಲೆ ಕೆಲವು ಗಂಟೆಯೊಳಗೆ ಮುಗಿಸಬೇಕು. ಆರು ಬಾತಿಗೋಸ್ಕರ ಬಾಟಲಿ ಒಡೆಯಲ್ಲ ಅಂತ ಆಸ್ಪತ್ರೆಯವರು ವಾಪಸ್ ಕಳಿಸ್ತಾರೆ. ಇಡೀ ಕೇರಿಯ ಬಾತು ಒಂದೇ ದಿನ ಸೇರಿಸಿ, ಡಾಕ್ಟರನ್ನೇ ಕೇರಿಗೆ ಕರೆಸಿ. ಬರಲ್ಲ ಅಂದರೆ ಬುಟ್ಟಿ ಸಮೇತ ಎಲ್ಲರೂ ಹೋಗಿ ಆಸ್ಪತ್ರೆ ಅಂಗಳದಲ್ಲಿ ಕೂರಿ. ನೂರು ಬಾತು ಒಟ್ಟಿಗೆ ಕೂಗಿದರೆ ಒಳಗಿನವರು ಹೊರಗೆ ಬಂದೇ ಬರ್ತಾರೆ.

ಹಕ್ಕಿಜ್ವರವನ್ನೂ ಮರೀಬಾರದು. 2014ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಈ ರೋಗ ಬಂದು ಲಕ್ಷಗಟ್ಟಲೆ ಬಾತುಗಳನ್ನು ಕೊಂದು ಸುಡಬೇಕಾಯ್ತು. ವಲಸೆ ಹಕ್ಕಿ ಇಳಿಯುವ ಕಾಲದಲ್ಲಿ ಬಾತನ್ನು ಮನೆ ಹತ್ತಿರವೇ ಇಟ್ಟುಕೊಳ್ಳಿ. ಒಟ್ಟೊಟ್ಟಿಗೆ ಹಕ್ಕಿ ಸತ್ತರೆ ಸಾರು ಮಾಡಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಸತ್ತದ್ದನ್ನು ತಿನ್ನಬೇಡಿ ಅಂತ ಬಾಬಾಸಾಹೇಬರು ಮಹಾಡಿನಲ್ಲೇ ಹೇಳಿದ್ದರು. ಅವರು ಹೇಳಿದ್ದು ಮಾನದ ಸಲುವಾಗಿ. ಅದು ಪ್ರಾಣದ ಸಲುವಾಗಿಯೂ ಹೌದು. ಸರ್ಕಾರ ಹಕ್ಕಿ ಕೊಲ್ಲಿಸಿದರೆ ಪರಿಹಾರ ಕೊಡಬೇಕು. ಅದಕ್ಕೇ ಎಷ್ಟು ಹಕ್ಕಿ ಇದೆ ಅನ್ನೋದನ್ನ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಬರೆದಿಟ್ಟವನ ಮಾತು ಮಾತ್ರ ಕಚೇರಿಯಲ್ಲಿ ನಡೆಯೋದು.

ಇದೆಲ್ಲ ಮಾಡೋರು ಯಾರು? ಗಂಡಸರು ಸಭೆಗೆ ಹೋಗ್ತಾರೆ, ಬಾತು ಹೊರಳಿಸೋದು, ನೀರು ಹೊರೋದು, ಗೂಡು ಬಳಿಯೋದು ಹೆಂಗಸರೇ. ಹಾಗಿದ್ದ ಮೇಲೆ ಮೊಟ್ಟೆಯ ದುಡ್ಡು ಹೆಂಗಸಿನ ಕೈಯಲ್ಲೇ ಇರಬೇಕು, ಸೊಸೈಟಿ ಪಾಸ್‌ಬುಕ್ಕು ಅವಳ ಹೆಸರಲ್ಲೇ ಇರಬೇಕು. ಬಾತು ಮಾರಿದ ದುಡ್ಡು ಸಂಜೆ ಹೊತ್ತಿಗೆ ಸಾರಾಯಿ ಅಂಗಡಿ ಸೇರುವುದಾದರೆ ನಾವು ಈ ಲೇಖನ ಬರೆದು ಪ್ರಯೋಜನ ಇಲ್ಲ. ಗೌಡರಿಂದ ಬಿಡುಗಡೆ ಕೇಳುವ ಗಂಡಸು ಮನೆಯಲ್ಲಿ ಗೌಡನಾಗಬಾರದು.

ಮೊಟ್ಟೆ ಅಂದರೆ ಇನ್ನೊಂದು ನೆನಪು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡ ಅಂದರು. ಹಸಿದ ಮಗುವಿನ ತಟ್ಟೆಗೆ ಉಂಡವರ ತಕರಾರು. 2021ರಲ್ಲೇ ಜಾರಿಗೆ ಬಂದ ಗೋಹತ್ಯೆ ನಿಷೇಧದ ಕಾಯ್ದೆ ಬಡವರ ಅಗ್ಗದ ಮಾಂಸಕ್ಕೆ ಕೈ ಹಾಕಿತು. ನಾವು ಬಾತು ಬಗ್ಗೆ ಬರೆದದ್ದನ್ನ ನೋಡಿ "ಸರಿ, ಇನ್ಮೇಲೆ ದನ ಬಿಟ್ಟು ಬಾತು ತಿನ್ನಿ" ಅಂತ ಯಾರೂ ಉಪದೇಶ ಮಾಡೋಕೆ ಬರಬೇಡಿ. ನಮ್ಮ ತಟ್ಟೆಯಲ್ಲಿ ಏನಿರಬೇಕು ಅನ್ನೋದು ನಮ್ಮ ಮಾತು.

ಹಾಗೆಯೇ "ಬಾತು ಕೊಟ್ಟಾಯ್ತಲ್ಲ, ಇನ್ನು ಭೂಮಿ ಯಾಕೆ" ಅನ್ನುವವರಿಗೂ ಹೇಳ್ತೀವಿ. 1978ರಲ್ಲಿ ನಮಗೆ ಮಂಜೂರಾದ ಭೂಮಿ ಪರಭಾರೆ ಆಗದಂತೆ ಕಾನೂನು ಬಂತು. ಆ ಭೂಮಿಗೋಸ್ಕರ ಇವತ್ತಿಗೂ ಕೋರ್ಟು ಮೆಟ್ಟಿಲು ಹತ್ತುತ್ತಿದ್ದೀವಿ. ಆರು ಬಾತು ಒಂದು ಎಕರೆಗೆ ಸಮ ಅಲ್ಲ. ಆರು ಬಾತು ಮಾಡೋ ಕೆಲಸ ಬೇರೆ. ನಾಳೆ ಬೆಳಿಗ್ಗೆ ಗೌಡರ ಮನೆ ಮುಂದೆ ಕೂಲಿಗೆ ನಿಲ್ಲದೆ ಎರಡು ದಿನ ತಡೆದುಕೊಳ್ಳುವ ಶಕ್ತಿ ಕೊಡುತ್ತೆ. ಕೂಲಿ ಹೆಚ್ಚು ಮಾಡಿ ಅಂತ ಕೇಳಿದ ದಿನ ಕೆಲಸ ಕೊಡಲ್ಲ ಅಂತಾರಲ್ಲ, ಆ ದಿನ ಮನೆಯಲ್ಲಿ ಮೊಟ್ಟೆ ಇರುತ್ತೆ, ಮಾರೋಕೆ ಒಂದು ಹಕ್ಕಿ ಇರುತ್ತೆ. ಎರಡು ದಿನ ತಡೆದವನು ಮೂರನೇ ದಿನ ಮಾತಾಡಬಲ್ಲ. ಹಸಿದವನ ಮುಷ್ಕರ ಸಂಜೆಗೇ ಮುಗಿಯುತ್ತೆ. ಚಳವಳಿಗೂ ಬಾತಿಗೂ ಇರೋ ಸಂಬಂಧ ಇದು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಒಂದು: ಉಪಯೋಜನೆಯ ಹಣದಲ್ಲಿ ಮರಿ ಹಂಚಿ ಓಡಿಹೋಗಬೇಡಿ, ಪ್ರತಿ ಕೇರಿಗೂ ಶುದ್ಧ ತಳಿಯ ಬೆಳೆದ ಜೋಡಿಗಳನ್ನೂ ಕಾವಿನ ಮೊಟ್ಟೆಗಳನ್ನೂ ಕೊಡಿ. ಎರಡು: ಹೆಸರಘಟ್ಟದಲ್ಲಿ ಕಲಿಸುವುದನ್ನು ನಮ್ಮ ಹೆಂಗಸರಿಗೆ, ಕನ್ನಡದಲ್ಲಿ, ಕೂಲಿ ಕೊಟ್ಟು ಕಲಿಸಿ. ಮೂರು: ಲಸಿಕೆ ಕೇರಿಗೆ ಬರಲಿ. ನಾಲ್ಕು: ಕೆರೆಯ ನೀರು, ಅಂಗಳ, ಹರಾಜು ಮೂರರಲ್ಲೂ ನಮ್ಮ ಪಾಲು ಬರಲಿ. ಐದು: ಶಾಲೆಯ ಮೊಟ್ಟೆಯಲ್ಲಿ ಒಂದಷ್ಟನ್ನು ಕೇರಿಯ ಹೆಂಗಸರ ಸಂಘಗಳಿಂದಲೇ ಕೊಳ್ಳಿ.

ಸರ್ಕಾರ ಕೇಳುವ ತನಕ ನಾವೂ ಸುಮ್ಮನೆ ಕೂರೋದು ಬೇಡ. ಈ ಸಂಚಿಕೆ ಓದಿದ ಪ್ರತಿ ಕೇರಿಯಲ್ಲಿ ಎರಡು ಮನೆ, ಎರಡು ಹೇಟೆ, ಹತ್ತು ಮೊಟ್ಟೆ. 28 ದಿನ. ಹತ್ತರಲ್ಲಿ ಆರು ಮರಿ ಬಂದರೂ ಗೆದ್ದ ಹಾಗೆ. ದೊಡ್ಡದಾದ ಮೇಲೆ ಬಾಲದಲ್ಲಿ ಗರಿ ಸುರುಳಿ ಸುತ್ತಿದ್ದು ಗಂಡು, ಗಟ್ಟಿಯಾಗಿ ಕೂಗೋದು ಹೆಣ್ಣು. ಒಂದು ಗಂಡು ಇಟ್ಟುಕೊಂಡು ಉಳಿದ ಗಂಡುಗಳನ್ನು ಮಾರಿ. ಹೆಣ್ಣುಗಳನ್ನು ಮಾರಬೇಡಿ. ಮುಂದಿನ ವರ್ಷ ಪಕ್ಕದ ಕೇರಿಗೆ ಹತ್ತು ಮೊಟ್ಟೆ ಪುಕ್ಕಟೆ ಕೊಡಿ. ಅವರೂ ಅದರ ಮುಂದಿನ ಕೇರಿಗೆ ಕೊಡಲಿ.

ಮುಂದಿನ ಸಭೆಗೆ ಬರುವವರು ಎಷ್ಟು ಮೊಟ್ಟೆ ಇಟ್ಟಿರಿ, ಎಷ್ಟು ಮರಿ ಬಂತು, ಎಷ್ಟು ಉಳಿಯಿತು ಅಂತ ಬರೆದು ತನ್ನಿ. ಲೆಕ್ಕ ಇದೇ ಪುಟದಲ್ಲಿ ಹಾಕ್ತೀವಿ.

ಜೈ ಭೀಮ್.